ಯೂರಿಯಾ ಚೀಲ ಯಾವ ಇಲಾಖೆದು? ದಿಲ್ಲಿ ಇಲಾಖೆಗಳು ಹೆಂಗ ನಡಿತಾವ, ತಿಳಿದವರು ಹೇಳ್ರಿ

ಕಾರಟಗಿ ಹುಡುಗ:
ಎಲ್ಲಾರಿಗೂ ಶರಣು. ನಮ್ಮದು ಕಾರಟಗಿ ಕಡೆ ಹಳ್ಳಿ, ಎಡದಂಡೆ ಕಾಲುವಿ ನೀರಿನ್ಯಾಗ ನಾಲ್ಕು ಎಕರೆ ಭತ್ತ. ನಾಟಿ ಹಚ್ಚಿ ಇಪ್ಪತ್ತೆರಡು ದಿನಕ್ಕ ಮೇಲುಗೊಬ್ಬರ ಕೊಡಬೇಕಿತ್ತು. ಅಪ್ಪ ನಸುಕಿನ ನಾಲ್ಕಕ್ಕ ಎದ್ದು ಹೋಗಿ ಗೊಬ್ಬರದ ಅಂಗಡಿ ಮುಂದ ಚಪ್ಪಲಿ ಬಿಟ್ಟು ಪಾಳಿ ಹಿಡದ. ಅಷ್ಟೊತ್ತಿಗೇ ಅಲ್ಲಿ ಅರವತ್ತು ಜೋಡಿ ಚಪ್ಪಲಿ ಸಾಲಿಗೆ ಕುಂತಿದ್ದವು. ಹನ್ನೊಂದಕ್ಕ ಹೆಬ್ಬೆಟ್ಟು ಒತ್ತಿಸಿಕೊಂಡು ಎರಡು ಚೀಲ ಕೊಟ್ರು, ಬೇಕಾಗಿದ್ದು ನಾಲ್ಕು. ಚೀಲದ ಮ್ಯಾಲೆ ₹266.50 ಅಂತ ಅಚ್ಚಾಗೈತಿ, ಆದ್ರ ಜಿಂಕ್ ಪಾಕೀಟು ತಗೊಂಡ್ರ ಮಾತ್ರ ಯೂರಿಯಾ ಅಂತ ಅಂಗಡಿಯವರ ಮಾತು.

ನಾನು ಕೇಂದ್ರ ಸರ್ಕಾರದ ದೂರಿನ ಜಾಲತಾಣದಾಗ ಬರದೆ. ‘ಈ ವಿಷಯ ರಾಜ್ಯ ಸರ್ಕಾರಕ್ಕೆ ಸಂಬಂಧಿಸಿದೆ’ ಅಂತ ಒಂದು ಸಾಲು ಬಂತು, ದೂರು ಮುಕ್ತಾಯ. ಇಲ್ಲಿ ಕೇಳಿದ್ರ ‘ಮ್ಯಾಲಿಂದ ಬಂದಿಲ್ಲ, ಕೇಂದ್ರದವರು ಕಳಿಸಬೇಕು’ ಅಂತಾರ. ಕೇಂದ್ರ ಸರ್ಕಾರ ಅಂದ್ರ ಒಂದು ಕಚೇರಿ, ಒಬ್ಬ ಸಾಹೇಬ, ಒಂದು ಬಾಗಿಲು ಅಂತ ನಾನು ತಿಳಕೊಂಡಿದ್ದೆ. ಹಂಗಿಲ್ಲ ಅಂತ ಈಗ ಗೊತ್ತಾಗೈತಿ. ಹಂಗಾದ್ರ ಹೆಂಗೈತಿ? ಯಾರು ಏನು ಮಾಡ್ತಾರ?

ಕೋಟೆ ಬಳ್ಳಾರಿ:
ತಮ್ಮಾ, ನಾನು ಬಳ್ಳಾರಿಯವನು. ಸ್ಟಾಫ್ ಸೆಲೆಕ್ಷನ್ ಕಮಿಷನ್ ಪರೀಕ್ಷೆ ಬರೆದು ದೆಹಲಿಗೆ ಹೋಗಿ, ಒಂದು ಸಚಿವಾಲಯದ ಸೆಕ್ಷನ್ನಿನಲ್ಲಿ ಸಹಾಯಕನಾಗಿ ಕೂತವನು ನಿವೃತ್ತಿಯಾದ ಮೇಲೆ ಊರಿಗೆ ಬಂದೆ. ನನಗೆ ಗೊತ್ತಿರೋದನ್ನ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಯಾವ ಕೆಲಸ ಯಾವ ಇಲಾಖೆಗೆ ಅನ್ನೋದು ಬರವಣಿಗೆಯಲ್ಲಿದೆ. ಸಂವಿಧಾನದ 77ನೇ ವಿಧಿ ಆ ಅಧಿಕಾರವನ್ನ ರಾಷ್ಟ್ರಪತಿಗಳಿಗೆ ಕೊಡುತ್ತೆ. ಅದರಡಿ 1961ರಲ್ಲಿ ಎರಡು ನಿಯಮಾವಳಿ ಬಂದವು. ಒಂದು ಕೆಲಸ ಹಂಚುವುದಕ್ಕೆ, ಇನ್ನೊಂದು ಹಂಚಿದ ಕೆಲಸ ನಡೆಸುವುದಕ್ಕೆ. ಹಂಚಿಕೆ ನಿಯಮದ ಎರಡನೇ ಅನುಸೂಚಿ ತೆಗೆದು ನೋಡು, ಪ್ರತಿ ಇಲಾಖೆ ಹೆಸರಿನ ಕೆಳಗೆ ಅದರ ಪಾಲಿನ ವಿಷಯಗಳು ಸಂಖ್ಯೆ ಹಾಕಿ ಬರೆದಿವೆ. ಹೊಸ ಸರ್ಕಾರ ಬಂದು ಒಂದು ಇಲಾಖೆ ಒಡೆದರೂ ಕೂಡಿಸಿದರೂ ತಿದ್ದುಪಡಿ ಆಗೋದು ಈ ಪಟ್ಟಿಗೇ. 2019ರಲ್ಲಿ ಜಲಸಂಪನ್ಮೂಲ, ಕುಡಿಯುವ ನೀರು ಎರಡನ್ನೂ ಕೂಡಿಸಿ ಜಲಶಕ್ತಿ ಸಚಿವಾಲಯ ಮಾಡಿದ್ದು ಹಾಗೆ.

ಸಚಿವಾಲಯಕ್ಕೂ ಇಲಾಖೆಗೂ ವ್ಯತ್ಯಾಸ ಇದೆ. ಮನೆ ಒಂದೇ, ಒಲೆ ಬೇರೆ ಅಂತಾರಲ್ಲ, ಹಾಗೆ. ರಸಾಯನ ಮತ್ತು ರಸಗೊಬ್ಬರ ಸಚಿವಾಲಯಕ್ಕೆ ಸಂಪುಟದ ಮಂತ್ರಿ ಒಬ್ಬರು, ಆದರೆ ಒಳಗೆ ಮೂರು ಇಲಾಖೆ: ರಸಾಯನ-ಪೆಟ್ರೋರಸಾಯನ, ರಸಗೊಬ್ಬರ, ಔಷಧ. ಮೂರಕ್ಕೂ ಬೇರೆ ಬೇರೆ ಕಾರ್ಯದರ್ಶಿ. ಹಣಕಾಸು ಸಚಿವಾಲಯದೊಳಗೆ ಆರು ಇಲಾಖೆ. ರೈಲ್ವೆಯಲ್ಲಿ ಮಾತ್ರ 1905ರಷ್ಟು ಹಳೆಯ ರೈಲ್ವೆ ಮಂಡಳಿಯೇ ಸಚಿವಾಲಯ, ಮಧ್ಯೆ ಬೇರೆ ಇಲಾಖೆ ಅಂತ ಇಲ್ಲ.

ಇನ್ನು ನಿನ್ನ ಕಾಗದ. ಇಲಾಖೆಗೆ ಬಂದ ಟಪಾಲು ಮೊದಲು ಇಳಿಯೋದು ಸೆಕ್ಷನ್ನಿಗೆ. ಅಲ್ಲಿ ನನ್ನಂಥ ಸಹಾಯಕ ಇರ್ತಾನೆ. ನಮ್ಮ ಕಾಲದಲ್ಲಿ ಫೈಲಿನ ಬಲಗಡೆ ಕಾಗದಪತ್ರ, ಎಡಗಡೆ ಹಸಿರು ಹಾಳೆ. ಆ ಹಸಿರು ಹಾಳೆಯ ಮೇಲೆ ಟಿಪ್ಪಣಿ. ಬಂದ ಕಾಗದಕ್ಕೆ ಚೀಟಿ ಸಿಕ್ಕಿಸಿ, ‘ಪರಿಶೀಲನೆಯಲ್ಲಿರುವ ಪತ್ರದಲ್ಲಿ ಇಂಥವರು ಇಂಥದ್ದು ಕೇಳಿದ್ದಾರೆ, ನಿಯಮ ಹೀಗಿದೆ, ಹಿಂದೆ ಹೀಗೆ ಮಾಡಿದ್ದೇವೆ, ಆದೇಶಕ್ಕಾಗಿ’ ಅಂತ ಬರೆದು ಕೆಳಗೆ ಸಣ್ಣ ಸಹಿ. ಅಲ್ಲಿಂದ ಸೆಕ್ಷನ್ ಆಫೀಸರ್, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ ಇಲ್ಲವೇ ನಿರ್ದೇಶಕರು, ಜಂಟಿ ಕಾರ್ಯದರ್ಶಿ. ಎಲ್ಲ ಫೈಲೂ ಮೇಲಿನವರೆಗೆ ಹೋಗೋದಿಲ್ಲ, ಬಹಳಷ್ಟು ಅಧೀನ ಕಾರ್ಯದರ್ಶಿಯ ಹತ್ತಿರವೇ ಮುಗಿಯುತ್ತೆ. ಈಗ ಅದೆಲ್ಲ ಕಂಪ್ಯೂಟರಿನಲ್ಲಿ, ಆದರೆ ಏರುವ ಮೆಟ್ಟಿಲು ಅವೇ.

ನಿನ್ನ ದೂರಿನಲ್ಲಿ ನಾಲ್ಕು ವಿಷಯ ಒಂದೇ ಕಡೆ ಇದ್ದವು: ಗೊಬ್ಬರ ಬಂದಿಲ್ಲ, ಕಡಿಮೆ ಕೊಟ್ಟರು, ಜಿಂಕ್ ಹೇರಿದರು, ಕ್ರಮ ಕೈಗೊಳ್ಳಿ. ಅಂಥ ಕಾಗದ ಬಂದಾಗ ಸೆಕ್ಷನ್ನಿನಲ್ಲಿ ಕೂತವನು ತನ್ನ ಪಟ್ಟಿಗೆ ಸೇರದ ಮಾತು ಯಾವುದು ಅಂತ ಮೊದಲು ನೋಡ್ತಾನೆ. ಜಿಂಕ್ ಹೇರಿದ ಅಂಗಡಿಯನ್ನ ಹಿಡಿಯೋದು ರಾಜ್ಯದ ಕೃಷಿ ಇಲಾಖೆ. ಅದೊಂದು ಸಾಲಿಗೆ ಉತ್ತರ ಬರೆದು ಇಡೀ ಕಾಗದ ಮುಗಿಸಿದ್ದಾರೆ. ಹಾಗೆ ಮುಗಿಸಿದ್ದು ತಪ್ಪು. ನಾನೂ ಆ ಕುರ್ಚಿಯಲ್ಲಿ ಕೂತು ಅಂಥ ಉತ್ತರ ಬರೆದಿದ್ದೇನೆ, ಈಗ ಊರಿನಲ್ಲಿ ಕೂತು ನೋಡಿದಾಗ ಅದರ ನೋವು ಗೊತ್ತಾಗ್ತಿದೆ.

ಸಿಂಧನೂರು ಸೊಸೈಟಿ:
ನಾನು ಪ್ರಾಥಮಿಕ ಸಹಕಾರ ಸಂಘದಾಗ ಹದಿನೈದು ವರ್ಷದಿಂದ ಗೊಬ್ಬರ ಇಳಿಸ್ಲಿಕತ್ತೀನಿ. ಗೊಬ್ಬರದ ದಾರಿ ನಾ ಹೇಳ್ತೀನಿ, ತಮ್ಮ.

ಮುಂಗಾರಿಗೆ ಮೊದಲ ಕೇಂದ್ರದ ಕೃಷಿ ಇಲಾಖೆಯವರು ರಾಜ್ಯಗಳ ಜೊತಿ ಕುಂತು ಈ ಹಂಗಾಮಿಗೆ ಎಷ್ಟು ಬೇಕು ಅಂತ ಲೆಕ್ಕ ಹಾಕ್ತಾರ. ಬೇಕು ಅನ್ನೋದು ಅವರ ಲೆಕ್ಕ. ಕೊಡೋರು ಬ್ಯಾರೆ. ರಸಗೊಬ್ಬರ ಇಲಾಖೆಯವರು ತಿಂಗಳ ತಿಂಗಳಕ್ಕ ಯಾವ ಕಂಪನಿ ಯಾವ ರಾಜ್ಯಕ್ಕ ಎಷ್ಟು ಕಳಿಸಬೇಕು ಅಂತ ಪಟ್ಟಿ ಮಾಡ್ತಾರ. ಯೂರಿಯಾ ಮಾಡ್ಲಿಕ್ಕೆ ನೈಸರ್ಗಿಕ ಅನಿಲ ಬೇಕು, ಅದು ಪೆಟ್ರೋಲಿಯಂ ಸಚಿವಾಲಯದ ಕೈಯಾಗ. ದೇಶದಾಗ ಮಾಡಿದ್ದು ಸಾಲೋದಿಲ್ಲ, ಹಡಗಿನ್ಯಾಗ ತರಿಸಬೇಕು. ನಮ್ಮ ರಾಜ್ಯದಾಗ ಯೂರಿಯಾ ಮಾಡೋ ಕಾರ್ಖಾನಿ ಇರೋದು ಮಂಗಳೂರಿನ ಪಣಂಬೂರಿನಾಗ ಒಂದ. ಬಂದರಿನಿಂದ ಇಲ್ಲಿತನಕ ರೈಲ್ವೆ. ಒಂದು ರೇಕ್, ಅಂದ್ರ ಒಂದು ಪೂರಾ ಗೂಡ್ಸ್ ಗಾಡಿ, ಎರಡೂವರೆ ಸಾವಿರ ಟನ್ನಿಗೂ ಮಿಗಿಲು. ರೇಕ್ ಬರೋದು ಎರಡು ದಿನ ತಡ ಆದ್ರ ಇಲ್ಲಿ ಅಂಗಡಿ ಮುಂದ ಚಪ್ಪಲಿ ಸಾಲು ಬೆಳಿತದ.

ರೇಕ್ ಪಾಯಿಂಟಿಗೆ ಬಂದ ಮ್ಯಾಲೆ ಯಾವ ಜಿಲ್ಲಾಕ್ಕ ಎಷ್ಟು, ಯಾವ ಸೊಸೈಟಿಗೆ ಎಷ್ಟು ಅನ್ನೋದು ರಾಜ್ಯದ ಕೃಷಿ ಇಲಾಖೆ ಕೆಲಸ. ಕಳ್ಳ ದಾಸ್ತಾನು, ಜಿಂಕ್ ಹೇರೋದು, ಹೆಚ್ಚಿನ ದರ, ಇವನ್ನ ಹಿಡಿಯೋದೂ ಅವರೇ, 1985ರ ರಸಗೊಬ್ಬರ ನಿಯಂತ್ರಣ ಆದೇಶದ ಮ್ಯಾಲೆ. ಆದೇಶ ಮಾಡಿದವರು ಕೇಂದ್ರ, ಲಾಠಿ ರಾಜ್ಯದ ಕೈಯಾಗ.

ಇನ್ನೊಂದು ಮಾತು. ಅಪ್ಪ ಒತ್ತಿದ ಹೆಬ್ಬೆಟ್ಟು ಸುಮ್ಮನೆ ಅಲ್ಲ. 2018ರಿಂದ ಇಡೀ ದೇಶದಾಗ ಆ ಹೆಬ್ಬೆಟ್ಟಿನ ಯಂತ್ರದಾಗ ಮಾರಾಟ ಬಿದ್ದ ಮ್ಯಾಲೇ ಕಂಪನಿಗೆ ಸಬ್ಸಿಡಿ ರೊಕ್ಕ ಬಿಡುಗಡಿ ಆಗೋದು. ಅಂದ್ರ ಯಾವ ಅಂಗಡ್ಯಾಗ ಎಷ್ಟು ಚೀಲ ಅದಾವ, ಯಾರಿಗಿ ಹೋಗ್ಯಾವ ಅನ್ನೋದು ದಿಲ್ಲಿಗೂ ಕಾಣ್ತದ, ಬೆಂಗಳೂರಿಗೂ ಕಾಣ್ತದ. ಇಷ್ಟು ಕಣ್ಣಿದ್ದೂ ರೈತ ಕತ್ತಲದಾಗ ನಿಂದ್ರಬೇಕು ಅಂದ್ರ ನನಗ ಹೊಟ್ಟಿ ಉರಿತದ.

ಕಾರಟಗಿ ಹುಡುಗ:
ಯಣ್ಣ, ಒಂದು ಚೀಲಕ್ಕ ಕೃಷಿ, ರಸಗೊಬ್ಬರ, ಪೆಟ್ರೋಲಿಯಂ, ರೈಲ್ವೆ, ಸಬ್ಸಿಡಿಗೆ ಹಣಕಾಸು! ನಾನು ಬರೇ ಕೃಷಿ ಅಂತ ಬರದಿದ್ದೆ. ಹತ್ತಿ ಬೆಳಿದೂ ಹಂಗೇನ್ರಿ? ಖರೀದಿ ಮಾಡೋರು ಕೃಷಿ ಇಲಾಖೆಯವರಲ್ಲ ಅಂತಾರ.

ಸಿಂಧನೂರು ಸೊಸೈಟಿ:
ಅಲ್ಲ. ಬೆಂಬಲ ಬೆಲಿ ಎಷ್ಟಿರಬೇಕು ಅಂತ ಶಿಫಾರಸು ಮಾಡೋದು ಕೃಷಿ ಸಚಿವಾಲಯದ ಬೆಲೆ ಆಯೋಗ, ಒಪ್ಪೋದು ಸಂಪುಟ. ಆದ್ರ ರಾಯಚೂರು ಮಾರುಕಟ್ಟಿಯಾಗ ಹತ್ತಿ ಕೊಳ್ಳೋ ಭಾರತೀಯ ಹತ್ತಿ ನಿಗಮ ಇರೋದು ಜವಳಿ ಸಚಿವಾಲಯದ ಕೆಳಗ. ಭತ್ತ, ಅಕ್ಕಿ ಅಂದ್ರ ಆಹಾರ ಇಲಾಖೆ, ಅದರ ಕೆಳಗ ಭಾರತೀಯ ಆಹಾರ ನಿಗಮ. ಒಂದ ಹೊಲದಾಗ ಬೆಳೆದದ್ದು ಬ್ಯಾರೆ ಬ್ಯಾರೆ ಬಾಗಿಲಿಗೆ ಹೋಗ್ತದ.

ಸಂಡೂರಿನ ಕೆಂಪುಮಣ್ಣು:
ಗಣಿ ವಿಚಾರದಲ್ಲಿ ಇನ್ನೂ ಸಿಕ್ಕು ಜಾಸ್ತಿ. ನಾನು ಸಂಡೂರು ತಾಲ್ಲೂಕಿನವನು.

ಗುತ್ತಿಗೆ ಕೊಡೋದು ರಾಜ್ಯ. ಆದರೆ ನಿಯಮ 1957ರ ಕೇಂದ್ರ ಕಾಯ್ದೆಯದು. ಯಾವ ಕಡೆಯಿಂದ ಎಷ್ಟು ಅಗೀಬೇಕು ಅನ್ನೋ ಗಣಿಗಾರಿಕೆ ಯೋಜನೆ ಒಪ್ಪೋದು ನಾಗಪುರ ಕೇಂದ್ರದ ಭಾರತೀಯ ಗಣಿ ಬ್ಯೂರೊ, ಅದು ಗಣಿ ಸಚಿವಾಲಯದ ಅಧೀನ ಕಚೇರಿ. ಕಾಡಿನೊಳಗೆ ಗಣಿ ಇದ್ದರೆ ಪರಿಸರ ಮತ್ತು ಅರಣ್ಯ ಸಚಿವಾಲಯದ ಒಪ್ಪಿಗೆ. ಹೊರಗಿನವರಿಗೆ ಗೊತ್ತಿರದ ಮಾತು ಒಂದಿದೆ. ನಮ್ಮ ದೋಣಿಮಲೈ ಗಣಿ ನಡೆಸೋ ಎನ್‌ಎಂಡಿಸಿ ಅನ್ನೋ ಕೇಂದ್ರದ ಕಂಪನಿ ಗಣಿ ಸಚಿವಾಲಯಕ್ಕೆ ಸೇರಿದ್ದಲ್ಲ, ಉಕ್ಕು ಸಚಿವಾಲಯಕ್ಕೆ ಸೇರಿದ್ದು. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ ಕೇಂದ್ರದ್ದೇ ಅಲ್ಲ, ಕರ್ನಾಟಕ ಸರ್ಕಾರದ ಕಂಪನಿ.

ಇದನ್ನ ನಾನು ಓದಿ ಕಲಿತಿದ್ದಲ್ಲ. ನಮ್ಮ ಚಿಕ್ಕಪ್ಪ ಒಂದು ಗಣಿಯಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗ್ತಿದ್ದರು. ಕಲ್ಲು ಪುಡಿ ಮಾಡೋ ಯಂತ್ರದ ಬೆಲ್ಟಿಗೆ ಜಾಲರಿ ಇರಲಿಲ್ಲ, ಬಲಗೈಯ ಮೂರು ಬೆರಳು ಹೋದವು. ನಾನಾಗ ಡಿಪ್ಲೊಮಾ ಓದ್ತಿದ್ದೆ. ಗಣಿ ಅಂದ ಮೇಲೆ ಗಣಿ ಸಚಿವಾಲಯ ಅಂತ ಅಲ್ಲಿಗೆ ಬರೆದೆ. ಐದು ತಿಂಗಳು ಉತ್ತರ ಇಲ್ಲ. ಆಮೇಲೆ ಬಂದ ಕಾಗದದಲ್ಲಿ, ಗಣಿಯ ಸುರಕ್ಷತೆ ಕಾರ್ಮಿಕ ಸಚಿವಾಲಯದ ಕೆಳಗಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ಸಂಬಂಧಿಸಿದ್ದು, ಅದರ ಕೇಂದ್ರ ಕಚೇರಿ ಧನಬಾದಿನಲ್ಲಿ ಅಂತ ಬರೆದಿತ್ತು. ಅಷ್ಟರಲ್ಲಿ ಆ ಯಂತ್ರಕ್ಕೆ ಹೊಸ ಜಾಲರಿ ಬಂದಿತ್ತು, ಹಾಜರಿ ಪುಸ್ತಕದಲ್ಲಿ ಚಿಕ್ಕಪ್ಪನ ಹೆಸರಿನ ಹಾಳೆಯೇ ಇರಲಿಲ್ಲ.

ಚಿಕ್ಕಪ್ಪ ಈಗ ಎಡಗೈಯಲ್ಲಿ ಊಟ ಮಾಡ್ತಾರೆ. ಮೊದಲ ವಾರದಲ್ಲೇ ಸರಿಯಾದ ಕಚೇರಿಗೆ ಕಾಗದ ಹೋಗಿದ್ದರೆ ಆ ಬೆಲ್ಟನ್ನ ಯಾರಾದರೂ ಬಂದು ನೋಡ್ತಿದ್ದರು. ಯಾವ ಇಲಾಖೆ ಯಾವ ಕೆಲಸ ಮಾಡುತ್ತೆ ಅನ್ನೋದನ್ನ ಪರೀಕ್ಷೆಗೆ ಓದೋ ಪಾಠ ಅಂತ ಯಾರೂ ಅಂದ್ಕೋಬೇಡಿ.

ದೇವದುರ್ಗದ ಓದುಗಿ:
ಸಂಡೂರಿನ ಅಣ್ಣ, ಓದಿ ಸಂಕಟ ಆಯ್ತು. ನಾನು ರಾಯಚೂರಿನಾಗ ರೂಮು ಮಾಡಿಕೊಂಡು ಪರೀಕ್ಷೆಗೆ ಓದ್ಲಿಕತ್ತೀನಿ. ಬಳ್ಳಾರಿ ಸರ್, ನನ್ನದೊಂದು ಪ್ರಶ್ನೆ ಅದ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಕೆಲಸದಾಗ ಮೀಸಲು ಕೊಡೋ ಸಂವಿಧಾನದ 371ಜೆ ವಿಧಿಯ ಅರ್ಹತಾ ಪ್ರಮಾಣಪತ್ರ ನನ್ನ ಹತ್ತಿರ ಅದ. ರೈಲ್ವೆ ಅರ್ಜಿಯಾಗ ಅದನ್ನ ಎಲ್ಲಿ ಹಾಕಬೇಕು ಅಂತ ತಿಳೀವಲ್ದು. ನಮ್ಮ ರೂಮಿನ ಹುಡುಗ್ಯಾರು ಎಲ್ಲರೂ ಇದನ್ನೇ ಕೇಳ್ತಾರ.

ಕೋಟೆ ಬಳ್ಳಾರಿ:
ಮಗಳೇ, ರೈಲ್ವೆಗೆ ಅದು ನಡೆಯೋದಿಲ್ಲ. 371ಜೆ ಓದಿ ನೋಡು: ರಾಜ್ಯ ಸರ್ಕಾರದ ಹುದ್ದೆಗಳು ಮತ್ತು ರಾಜ್ಯ ಸರ್ಕಾರದ ಹತೋಟಿಯಲ್ಲಿರುವ ಸಂಸ್ಥೆಗಳ ಹುದ್ದೆಗಳು ಅಂತ ಇದೆ. ಅಂಚೆ, ರೈಲ್ವೆ, ಆದಾಯ ತೆರಿಗೆ, ಬ್ಯಾಂಕು ಇವೆಲ್ಲ ಕೇಂದ್ರದವು, ಅಲ್ಲಿ ನಮ್ಮ ಭಾಗಕ್ಕೆ ಪ್ರತ್ಯೇಕ ಪಾಲಿಲ್ಲ. ಹಟ್ಟಿ ಗಣಿಯ ಕೆಲಸ ಕರೆದರೆ ನಿನ್ನ ಪ್ರಮಾಣಪತ್ರ ಬೇಕು, ದೋಣಿಮಲೈಯಲ್ಲಿ ಕರೆದರೆ ಅದು ಬರೋದಿಲ್ಲ. ಎರಡೂ ಗಣಿಯೇ.

ನೇಮಕಾತಿಯ ಬಾಗಿಲುಗಳೂ ಬೇರೆ ಬೇರೆ. ಯುಪಿಎಸ್‌ಸಿ ಸಂವಿಧಾನದಲ್ಲೇ ಇರೋ ಸಂಸ್ಥೆ, ಯಾವ ಮಂತ್ರಿಯ ಕೈಕೆಳಗಿನ ಇಲಾಖೆಯೂ ಅಲ್ಲ. ಸ್ಟಾಫ್ ಸೆಲೆಕ್ಷನ್ ಕಮಿಷನ್ ಸಿಬ್ಬಂದಿ ಇಲಾಖೆಗೆ ಅಂಟಿಕೊಂಡ ಕಚೇರಿ. ರೈಲ್ವೆಗೆ ತನ್ನದೇ ನೇಮಕಾತಿ ಮಂಡಳಿಗಳು. ಐಎಎಸ್ ಅಧಿಕಾರಿಗಳ ವಿಷಯ ಸಿಬ್ಬಂದಿ ಇಲಾಖೆಗೆ, ಐಪಿಎಸ್ ಗೃಹ ಸಚಿವಾಲಯಕ್ಕೆ, ಅರಣ್ಯ ಸೇವೆ ಪರಿಸರ ಸಚಿವಾಲಯಕ್ಕೆ. ರೈಲ್ವೆ ಅಂದಾಗ ಇನ್ನೊಂದು ನೆನಪಿಡು. ಬಳ್ಳಾರಿ, ಕೊಪ್ಪಳ ನಿಲ್ದಾಣಗಳು ಹುಬ್ಬಳ್ಳಿಯ ನೈರುತ್ಯ ರೈಲ್ವೆಗೆ, ನಿಮ್ಮ ರಾಯಚೂರು ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಗೆ. ರಾಯಚೂರಿನವರು ರೈಲಿನ ಮನವಿಯನ್ನ ಹುಬ್ಬಳ್ಳಿಗೆ ಕೊಟ್ಟು ಕಾಯ್ತಾ ಕೂತಿದ್ದನ್ನ ನಾನು ನೋಡಿದ್ದೇನೆ.

ಗಂಗಾವತಿ ಸಾಲುಮರ:
ನೀರಿನ ಮಾತು ಯಾರೂ ಎತ್ತಲಿಲ್ಲ, ಅದಕ್ಕ ಬರಿಯಾಕತ್ತೀನಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಈ ಭಾಗದಾಗ ಯಾರಿಗೂ ನಿದ್ದಿ ಇರಲಿಲ್ಲ. ಬೆಳಿಗ್ಗಿ ಎಲ್ಲಾರ ಬಾಯಾಗ ಒಂದ ಪ್ರಶ್ನೆ, ಇದಕ್ಕ ಜವಾಬ್ದಾರ ಯಾರು? ಒಬ್ಬರು ರಾಜ್ಯ ಅಂದ್ರು, ಇನ್ನೊಬ್ಬರು ಕೇಂದ್ರ ಅಂದ್ರು.

ಡ್ಯಾಮು ನೋಡಿಕೊಳ್ಳೋದು ತುಂಗಭದ್ರಾ ಮಂಡಳಿ. ಆಂಧ್ರ ಬ್ಯಾರೆ ರಾಜ್ಯ ಆದಾಗ, 1953ರಾಗ ರಾಷ್ಟ್ರಪತಿಗಳ ಆದೇಶದಿಂದ ಆದದ್ದು. ಅದು ಇಲಾಖೆನೂ ಅಲ್ಲ, ಕಂಪನಿನೂ ಅಲ್ಲ. ಅಧ್ಯಕ್ಷರನ್ನ ಕೇಂದ್ರ ನೇಮಿಸ್ತೈತಿ, ಸದಸ್ಯರಾಗಿ ಕರ್ನಾಟಕ, ಆಂಧ್ರ, ತೆಲಂಗಾಣದವರು ಇರ್ತಾರ, ಖರ್ಚು ರಾಜ್ಯಗಳು ಹಾಕ್ಕೋತಾವ. ಡ್ಯಾಮು, ಬಲದಂಡೆಯ ಕಾಲುವಿಗಳು ಮಂಡಳಿ ಕೈಯಾಗ. ನಮ್ಮ ಎಡದಂಡೆ ಕಾಲುವಿ ಮಾತ್ರ ಕರ್ನಾಟಕದ ನೀರಾವರಿ ಇಲಾಖೆಯ ಕೈಯಾಗ. ಹಿಂಗಾಗಿ ನಮ್ಮ ಕಾಲುವಿ ಒಡೆದ್ರ ಮುನಿರಾಬಾದಿನ ನೀರಾವರಿ ಕಚೇರಿಗೆ ಓಡಬೇಕು, ಗೇಟು ಮುರಿದ್ರ ಹೊಸಪೇಟಿಯ ಮಂಡಳಿಗೆ. ಸಂವಿಧಾನದಾಗೂ ನೀರು ರಾಜ್ಯದ ಪಟ್ಟಿಯಾಗ 17ನೇ ನಮೂದು, ಆದ್ರ ಎರಡು ರಾಜ್ಯದಾಗ ಹರಿಯೋ ನದಿ ಅಂದ್ಕೂಡಲೆ ಕೇಂದ್ರದ ಪಟ್ಟಿಯ 56ನೇ ನಮೂದು ಬಂದು ಕುಂದರತೈತಿ. ಹುಡುಗಾ, ನಿನ್ನ ಭತ್ತದ ಬುಡಕ್ಕ ನಿಂತ ನೀರಿಗೂ ನಿನ್ನ ಯೂರಿಯಾದಷ್ಟೇ ಮಂದಿ ಒಡೆಯರು.

ರಾಯಚೂರು ಮಾವಿನಕೆರೆ:
ಎಲ್ಲಾರೂ ಚಲೋ ತಿಳಿಸಿ ಹೇಳಿದ್ರಿ. ಆದ್ರ ನಾನು ಒಂದು ಮಾತು ಒಪ್ಪೂದಿಲ್ಲ. ಬಾಗಿಲು ತಿಳಿದ್ರ ಕೆಲಸ ಆಗ್ತದ ಅನ್ನೋ ಹಾಂಗ ಬರಿಲಿಕತ್ತೀರಿ. ನಮಗ ಬಾಗಿಲು ಗೊತ್ತದ. ಏಮ್ಸ್, ಅಂದ್ರ ಕೇಂದ್ರದ ದೊಡ್ಡ ವೈದ್ಯಕೀಯ ಸಂಸ್ಥೆ, ಬೇಕು ಅಂತ 2022ರ ಮೇ ತಿಂಗಳಿನಿಂದ ಸಾವಿರ ದಿನಕ್ಕೂ ಮಿಕ್ಕಿ ರಾಯಚೂರಿನಾಗ ಧರಣಿ ಕುಂತೀವಿ. ರಾಜ್ಯ ಸರ್ಕಾರ ರಾಯಚೂರಿನ ಹೆಸರು ಬರೆದು ಕಳಿಸ್ಯಾದ. ಆರೋಗ್ಯ ಸಚಿವಾಲಯಕ್ಕ ಮನವಿ ಹೋಗ್ಯಾವ. ಐಐಟಿ ನಮಗ ಬರಬೇಕು ಅಂತ ಹಿಂದುಳಿದ ಭಾಗಗಳ ಮ್ಯಾಲಿನ ನಂಜುಂಡಪ್ಪ ವರದಿ ಹಿಡ್ಕೊಂಡು ಹೋರಾಡಿದ್ವಿ, ಅದು 2016ರಾಗ ಧಾರವಾಡದಾಗ ಶುರುವಾಯ್ತು. ಇಲಾಖೆ ಪಟ್ಟಿ ಬಾಯಿಪಾಠ ಮಾಡಿದ್ರ ಇದೆಲ್ಲ ಆಗ್ತಿತ್ತೇನು?

ಕೋಟೆ ಬಳ್ಳಾರಿ:
ಇಲ್ಲ, ಆಗ್ತಿರಲಿಲ್ಲ. ನಿಮ್ಮ ಮಾತು ಒಪ್ಪುತ್ತೇನೆ. ಒಂದು ಸೆಕ್ಷನ್ನು ಮಾಡಬಹುದಾದ ಕೆಲಸ ಬೇರೆ, ಸಂಪುಟ ನಿರ್ಧಾರ ಮಾಡಬೇಕಾದ ಕೆಲಸ ಬೇರೆ. ಏಮ್ಸ್‌ನಂಥದ್ದು ಆರೋಗ್ಯ ಇಲಾಖೆಯಲ್ಲಿ ಹುಟ್ಟಿದರೂ ಹಣಕಾಸು ಸಚಿವಾಲಯದ ವೆಚ್ಚ ಇಲಾಖೆಯ ಕಾರ್ಯದರ್ಶಿಯ ಸಮಿತಿ ದಾಟಿ ಸಂಪುಟಕ್ಕೆ ಹೋಗಬೇಕು. ಅಲ್ಲಿ ನಡೆಯೋದು ರಾಜಕೀಯದ ತೂಕ, ಅದಕ್ಕೆ ಧರಣಿಯೇ ಬೇಕು, ಸಂಸದರೇ ಬೇಕು. ಆದರೆ ಧರಣಿಗೂ ಒಂದು ಹಿಡಿಕೆ ಇದೆ. 2018ರಲ್ಲಿ ನೀತಿ ಆಯೋಗ ಹಿಂದುಳಿದ ಜಿಲ್ಲೆಗಳನ್ನು ಆರಿಸಿ ‘ಮಹತ್ವಾಕಾಂಕ್ಷಿ ಜಿಲ್ಲೆ’ ಅಂತ ಹೆಸರಿಟ್ಟಿತು. ಕರ್ನಾಟಕದಿಂದ ಆ ಪಟ್ಟಿಗೆ ಸೇರಿದ್ದು ರಾಯಚೂರು, ಯಾದಗಿರಿ. ಅಲ್ಲಿ ಮೊದಲು ಅಳೆಯೋ ವಿಷಯವೇ ಆರೋಗ್ಯ ಮತ್ತು ಪೌಷ್ಟಿಕತೆ. ಆರೋಗ್ಯದಲ್ಲಿ ಹಿಂದೆ ಬಿದ್ದ ಜಿಲ್ಲೆ ಅಂತ ಕೇಂದ್ರವೇ ಬರೆದುಕೊಟ್ಟಿದೆ. ಆ ಕಾಗದವನ್ನ ಪ್ರತಿ ಮನವಿಯ ಮೇಲೆ ಇಡಿ. ಹಸಿರು ಹಾಳೆ ಬರೆಯುವವನು ಮೊದಲು ಹುಡುಕೋದು ‘ಹಿಂದೆ ಸರ್ಕಾರವೇ ಏನು ಹೇಳಿದೆ’ ಅನ್ನೋದನ್ನ.

ರಾಯಚೂರು ಮಾವಿನಕೆರೆ:
ಆಯ್ತ್ರಿ, ಇಡ್ತೀವಿ. ಧರಣಿ ಬಿಡೂದಿಲ್ಲ.

ಕಾರಟಗಿ ಹುಡುಗ:
ಬಳ್ಳಾರಿ ಅಪ್ಪಾರ, ಹಂಗಾದ್ರ ನಾನೀಗ ಏನು ಬರೀಬೇಕು? ಯೂರಿಯಾ ಹೊತ್ತು ಮೀರಿತು, ಅರ್ಧ ಹೊಲ ಹಳದಿ ತಿರುಗೈತಿ. ಮುಂದಿನ ಬೆಳಿಗಾದ್ರೂ ಇದು ಆಗಬಾರದು.

ಕೋಟೆ ಬಳ್ಳಾರಿ:
ದೂರು ಬಿಡು, ಮಾಹಿತಿ ಹಕ್ಕಿನಲ್ಲಿ ಲೆಕ್ಕ ಕೇಳು. ಒಂದಲ್ಲ, ಎರಡು ಅರ್ಜಿ. ಮೊದಲನೆಯದು ಕೇಂದ್ರದ ರಸಗೊಬ್ಬರ ಇಲಾಖೆಗೆ. ಜುಲೈ, ಆಗಸ್ಟ್ ತಿಂಗಳಲ್ಲಿ ಕರ್ನಾಟಕಕ್ಕೆ ಹಂಚಿಕೆಯಾದ ಯೂರಿಯಾ ಎಷ್ಟು, ನಿಜಕ್ಕೂ ಕಳಿಸಿದ್ದು ಎಷ್ಟು. ಎರಡನೆಯದು ರಾಜ್ಯದ ಕೃಷಿ ಇಲಾಖೆಗೆ. ಬಂದಿದ್ದರಲ್ಲಿ ಕೊಪ್ಪಳ ಜಿಲ್ಲೆಗೆ ಎಷ್ಟು, ನಿಮ್ಮ ಹೋಬಳಿಯ ಯಾವ ಯಾವ ಅಂಗಡಿಗೆ ಎಷ್ಟು, ಆ ತಿಂಗಳು ಎಷ್ಟು ಅಂಗಡಿ ತಪಾಸಣೆ ಆಯ್ತು. ಎರಡು ಉತ್ತರ ಅಕ್ಕಪಕ್ಕ ಇಟ್ಟರೆ ಚೀಲ ಎಲ್ಲಿ ನಿಂತಿತ್ತು ಅನ್ನೋದು ಕಾಣುತ್ತೆ. ರಾಜ್ಯದ ಅರ್ಜಿ ಒಂದೇ ವಿಷಯದ ಮೇಲಿರಲಿ, 150 ಪದ ಮೀರಬಾರದು. ಅದನ್ನ ಕೇಂದ್ರದ ಜಾಲತಾಣದಲ್ಲಿ ಹಾಕಬೇಡ. ವಾಪಸ್ ಬರುತ್ತೆ, ಶುಲ್ಕ ಬರೋದಿಲ್ಲ.

ಅಂಚೆ ಅಕ್ಕ, ಗಂಗಾವತಿ ಕಡೆ:
ಇಷ್ಟೊತ್ತು ಓದಿಕೋತ ಕುಂತಿದ್ದೆ, ಈಗ ನನ್ನ ಕೆಲಸದ ಮಾತು ಬಂತು. ನಾನು ಅಂಚೆ ಇಲಾಖೆಯಾಕಿ, ನಮ್ಮದು ಸಂಪರ್ಕ ಸಚಿವಾಲಯ. ತಮ್ಮಾ, ಕೇಂದ್ರದ ಅರ್ಜಿ ದಿಲ್ಲಿಗೆ ನೀನೇ ಕಳಿಸಬೇಕಂತಿಲ್ಲ. ಬಹಳಷ್ಟು ಅಂಚೆ ಕಚೇರಿಗಳು ಬ್ಯಾರೆ ಕೇಂದ್ರ ಇಲಾಖೆಗಳ ಮಾಹಿತಿ ಹಕ್ಕಿನ ಅರ್ಜಿ ತಗೊಂಡು ಮುಂದ ಕಳಿಸ್ತಾವ. ₹10 ಶುಲ್ಕ, ಬಡತನ ರೇಖೆಗಿಂತ ಕೆಳಗಿದ್ರ ಅದೂ ಇಲ್ಲ, ಕಾರ್ಡಿನ ಪ್ರತಿ ಹಚ್ಚು. ಉತ್ತರಕ್ಕ 30 ದಿನ, ನಮ್ಮ ಕೈಯಾಗ ಕೊಟ್ರ ಇನ್ನೂ ಐದು ದಿನ ಸೇರಿಸ್ಕೊ. ರಶೀದಿ ಇಸ್ಕೊಳ್ಳದ ಕೌಂಟರ್ ಬಿಡಬ್ಯಾಡ.

ಕನ್ನಡದಾಗ ಬರದ್ರ ನಡಿತೈತೇನು ಅಂತ ಬಂದವರೆಲ್ಲ ಹೆದರಿಕೊಂಡು ಕೇಳ್ತಾರ. ನಡಿತೈತಿ. ಇಂಗ್ಲಿಷ್, ಹಿಂದಿ ಇಲ್ಲಾ ಆ ಪ್ರದೇಶದ ಅಧಿಕೃತ ಭಾಷೆ ಅಂತ ಕಾಯ್ದೆದಾಗೇ ಐತಿ.

ಕಾರಟಗಿ ಹುಡುಗ:
ಅಕ್ಕಾರ, ರಾತ್ರಿ ಕುಂತು ಎರಡೂ ಬರದೀನಿ, ಕನ್ನಡದಾಗೇ. ಅಪ್ಪಗ ಓದಿ ಹೇಳಿದೆ. ಅಪ್ಪ ಒಂದು ಪ್ರಶ್ನೆ ಸೇರಿಸು ಅಂದ: ‘ರೇಕ್ ಯಾವ ತಾರೀಖಿಗೆ ಬಂತು, ಅಂಗಡಿಗೆ ಯಾವ ತಾರೀಖಿಗೆ ಮುಟ್ಟಿತು’. ಅದನ್ನೂ ರಾಜ್ಯದ ಅರ್ಜಿಯಾಗ ಹಾಕೀನಿ, ಎಣಿಸಿದ್ರ 131 ಪದ ಆಗ್ಯಾವ. ಅಪ್ಪನ ಹೆಸರಿಲೇ ಕೊಡ್ತೀನಿ, ಹೊಲ ಅವನ ಹೆಸರಿಲೇ ಐತಿ. ಕೇಂದ್ರದ ಅರ್ಜಿ ಹಿಡ್ಕೊಂಡು ನಾಳೆ ಬರ್ಲೇನ್ರಿ?

ಅಂಚೆ ಅಕ್ಕ, ಗಂಗಾವತಿ ಕಡೆ:
ಮೊದಲು ನಿಮ್ಮ ಕಾರಟಗಿ ಅಂಚೆ ಕಚೇರಿಯಾಗ ಕೇಳಿ ನೋಡು, ಹತ್ತಿರ ಆಗ್ತೈತಿ. ಅಲ್ಲಿ ತಗೊಳ್ಳಲಿಲ್ಲಂದ್ರ ಗಂಗಾವತಿಗೆ ಬಾ. ಮಧ್ಯಾಹ್ನದೊಳಗ ಬಾ, ಅವತ್ತಿನ ಟಪಾಲು ಚೀಲಕ್ಕೇ ಬೀಳ್ತೈತಿ. ಅಪ್ಪನ್ನೂ ಕರ್ಕೊಂಡು ಬಾ, ಸಹಿ ಅವರದೇ ಬೇಕು.